ಈಚೆಗೋ, ಆಚೆಗೋ?

‘ಲೇಡಿ ಬಿ ಗುಡ್’ ಅನ್ನೋ ಅಮೆರಿಕದ ಬಾಂಬರ್ ವಿಮಾನದ ಕಥೆ ಗೊತ್ತಾ? 1943ರ ಏಪ್ರಿಲ್ 4. ಇಟಲಿಯ ನೇಪಲ್ಸ್ ಮೇಲಿನ ದಾಳಿಗೆ ಹೋಗಿ, ರಾತ್ರಿ ಒಂಟಿಯಾಗಿ ಲಿಬಿಯಾದ ಬೇಸ್‌ಗೆ ವಾಪಸ್ ಬರ್ತಿತ್ತು. ಒಳಗೆ 9 ಜನ. ರೇಡಿಯೋದಲ್ಲಿ ದಿಕ್ಕು ಕೇಳಿದರು, ಉತ್ತರವೂ ಸಿಕ್ಕಿತು. ಆದರೆ ಬರೀ ಲೂಪ್ ಆಂಟೆನಾ ಇದ್ದರೆ ವಿಮಾನ ಯಾವ ಗೆರೆ ಮೇಲಿದೆ ಅಂತಷ್ಟೇ ಗೊತ್ತಾಗುತ್ತೆ. ಸ್ಟೇಷನ್‌ನಿಂದ ಈಚೆಗೋ ಆಚೆಗೋ ಗೊತ್ತಾಗಲ್ಲ. ಇನ್ನೂ ಸಮುದ್ರದ ಮೇಲಿದ್ದೇವೆ ಅಂದುಕೊಂಡೇ ಅವರು ಕತ್ತಲಲ್ಲಿ ಸಹಾರಾದೊಳಗೆ ನೂರಾರು ಕಿಲೋಮೀಟರ್ ಹೋಗಿಬಿಟ್ಟರು. ಇಂಧನ ಮುಗಿಯುತ್ತಾ ಬಂದಾಗ ಪ್ಯಾರಾಚೂಟ್ ಕಟ್ಟಿಕೊಂಡು ಹಾರಿದರು.

ಒಬ್ಬರ ಪ್ಯಾರಾಚೂಟ್ ಸರಿಯಾಗಿ ಬಿಚ್ಚಿಕೊಳ್ಳಲಿಲ್ಲ. ಉಳಿದ 8 ಜನರ ಹತ್ತಿರ ಇದ್ದದ್ದು ಅರ್ಧ ಬಾಟಲಿ ನೀರು, ದಿನಕ್ಕೆ ಒಬ್ಬರಿಗೆ ಒಂದು ಮುಚ್ಚಳ. ಸಹ ಪೈಲಟ್ ರಾಬರ್ಟ್ ಟೋನರ್ ಏಪ್ರಿಲ್ 12ರವರೆಗೂ ಡೈರಿ ಬರೆದರು. ಉತ್ತರಕ್ಕೆ ನಡೆದೇ ನಡೆದರು. ಯಾರೂ ಬದುಕಲಿಲ್ಲ.

ಅವರ ಬೆನ್ನ ಹಿಂದೆ, ದಕ್ಷಿಣಕ್ಕೆ, ವಿಮಾನ ತಾನಾಗಿಯೇ ಮರಳಿಗೆ ಇಳಿದಿತ್ತು. ತೈಲ ಹುಡುಕುವವರು ಅದನ್ನು 1958ರಲ್ಲಿ ಕಂಡರು. ಮರುವರ್ಷ ಒಳಗೆ ಹೋಗಿ ನೋಡಿದರೆ ಕುಡಿಯೋ ನೀರಿತ್ತು, ರೇಡಿಯೋ ಕೂಡ ಕೆಲಸ ಮಾಡ್ತಿತ್ತು!

ಸ್ಕ್ರೀನ್ ಮೇಲೆ ನಂಬರ್ ಸರಿ ಬಂದರೆ ನಾವು ಇಂಜಿನಿಯರುಗಳು ನೆಮ್ಮದಿಯಾಗ್ತೀವಿ. ಅವರಿಗೂ ನಂಬರ್ ಸರಿಯೇ ಬಂದಿತ್ತು. ಬೇಸ್ ಆಗಲೇ ದಾಟಿಹೋಗಿತ್ತು, ಅಷ್ಟೇ.