ರಂಜಕದ ಲೆಕ್ಕ

ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ವಿಜ್ಞಾನ ತೆಗೆದುಕೊಳ್ಳುವ ಆಸೆಯಿತ್ತು. ಟ್ಯೂಷನ್ ಖರ್ಚು ಕೇಳಿ ಅಬ್ಬಾ ಸುಮ್ಮನಾದರು, ನಾನೂ ಸುಮ್ಮನಾದೆ. ಆದರೆ ನಕ್ಷತ್ರಗಳ ಬಗ್ಗೆ ಓದಲು ಯಾವ ವಿಭಾಗವೂ ಬೇಕಿಲ್ಲವಲ್ಲ!

ಈಚೆಗೆ ನನ್ನನ್ನು ಹಿಡಿದಿಟ್ಟ ವಿಷಯ ರಂಜಕ, ಅಂದರೆ ಫಾಸ್ಫರಸ್. ಬಿದ್ದು ಸೊಂಟದ ಮೂಳೆ ಮುರಿದುಕೊಂಡ ದಾದಿಯ ಪಕ್ಕದಲ್ಲಿ ಕುಳಿತು ಓದಿದ್ದು. (ಕನ್ನಡದಲ್ಲಿ ದಾದಿ ಎಂದರೆ ನರ್ಸ್, ನಮ್ಮ ಮನೆಯಲ್ಲಿ ಅಬ್ಬಾನ ತಾಯಿ. ಈಗ ದಾದಿಗೆ ನಾನೇ ದಾದಿ.) ವಯಸ್ಕರ ದೇಹದಲ್ಲಿ ಸುಮಾರು 700 ಗ್ರಾಂ ರಂಜಕವಿದೆ, ಅದರಲ್ಲಿ ಶೇ. 85ರಷ್ಟು ಮೂಳೆ, ಹಲ್ಲುಗಳಲ್ಲಿ. ಇದನ್ನು ಉರ್ದುವಿನಲ್ಲಿ ಹೇಳಿದಾಗ ದಾದಿ, "ಅದೆಲ್ಲ ಎಲ್ಲಿಂದ ಬಂತು ಬೇಟಾ?" ಎಂದರು.

ವಿಶ್ವದಲ್ಲಿ ಅದು ಬಹಳ ವಿರಳ. ಒಂದು ಕೋಟಿ ಜಲಜನಕ ಪರಮಾಣುಗಳಿಗೆ ರಂಜಕದ್ದು ಸುಮಾರು ಮೂರು. ದೊಡ್ಡ ನಕ್ಷತ್ರಗಳೊಳಗೆ ಹುಟ್ಟಿ, ಅವು ಸಿಡಿದಾಗ ಹೊರಬರುತ್ತದೆ. ಆಮೇಲೆ ಹೊಸ ನಕ್ಷತ್ರಗಳು ಹುಟ್ಟುವ ತಣ್ಣನೆಯ ಮೋಡಗಳಲ್ಲಿ ಧೂಳಿನ ಕಣಗಳಿಗೆ ಅಂಟಿಕೊಂಡು ಕಣ್ಮರೆಯಾಗುತ್ತದೆ. ನಮ್ಮ ವಿಭಾಗದ ಭಾಷೆಯಲ್ಲಿ, ಸರಕು ಗೋದಾಮಿನಲ್ಲಿದೆ, ಪುಸ್ತಕದಲ್ಲಿ ಕಾಣುತ್ತಿಲ್ಲ.

ಗೋದಾಮಿನ ಬಾಗಿಲು ಒಡೆಯುವುದು ಎಳೆಯ ನಕ್ಷತ್ರವೇ. ಅದು ಬೆಳೆಯುತ್ತಾ ಎರಡು ದಿಕ್ಕಿಗೆ ಅನಿಲವನ್ನು ರಭಸವಾಗಿ ಚಿಮ್ಮಿಸುತ್ತದೆ. ಆ ಚಿಲುಮೆ ಸುತ್ತಲಿನ ಮೋಡಕ್ಕೆ ಅಪ್ಪಳಿಸಿದಲ್ಲಿ ಧೂಳಿನಿಂದ ರಂಜಕ ಕಿತ್ತು ಬರುತ್ತದೆ. ಆಮ್ಲಜನಕದೊಡನೆ ಸೇರಿ ಪಿಒ, ಸಾರಜನಕದೊಡನೆ ಸೇರಿ ಪಿಎನ್ ಎಂಬ ಅಣುಗಳಾಗುತ್ತದೆ. ಪರ್ಸಿಯಸ್ ಮೋಡದಲ್ಲಿ, ಸುಮಾರು ಸಾವಿರ ಜ್ಯೋತಿರ್ವರ್ಷ ದೂರದಲ್ಲಿ, ಸೂರ್ಯನಂಥದ್ದೇ ಆಗಲಿರುವ ಬಿ1-ಎ ಎಂಬ ಶಿಶು ನಕ್ಷತ್ರವಿದೆ. ಅಲ್ಲಿ ಇವೆರಡೂ ಸಿಕ್ಕ ಸುದ್ದಿ 2019ರಲ್ಲಿ ಪ್ರಕಟವಾಯಿತು. ನಂತರ ಚಿಲಿ ದೇಶದ ಅಲ್ಮಾ ದೂರದರ್ಶಕಗಳು ಇನ್ನೂ ಸೂಕ್ಷ್ಮವಾಗಿ ನೋಡಿದಾಗ, ಅಣುಗಳಿದ್ದದ್ದು ಚಿಲುಮೆ ಬಡಿದ ಜಾಗದಲ್ಲಿ.

67ಪಿ ಧೂಮಕೇತುವನ್ನು ಸುತ್ತಿದ ರೊಸೆಟ್ಟಾ ನೌಕೆಗೂ ರಂಜಕ ಸಿಕ್ಕಿತು, ಅದೂ ಮುಖ್ಯವಾಗಿ ಪಿಒ ರೂಪದಲ್ಲಿ. ಭೂಮಿಯ ರಂಜಕದಲ್ಲಿ ಒಂದಿಷ್ಟನ್ನು ಧೂಮಕೇತುಗಳೇ ತಂದಿರಬಹುದು.

"ಹಾಗಾದರೆ ಏಟು ಬಿದ್ದ ಕಡೆಯೇ ಸಿಗುವುದಾ?" ಎಂದು ದಾದಿ ನಕ್ಕರು. ನನಗಿಂತ ಬೇಗ ಅವರಿಗೇ ಅರ್ಥವಾಗಿತ್ತು.

ಆದರೂ ಈ ಎರಡು ಅಣುಗಳಲ್ಲಿ ಕಾಣುವುದು ಒಟ್ಟು ರಂಜಕದ ಸಣ್ಣ ಪಾಲು ಮಾತ್ರ. ಉಳಿದದ್ದು ಧೂಳಿನಲ್ಲಿ ಯಾವ ರೂಪದಲ್ಲಿದೆ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಟ್ರಯಲ್ ಬ್ಯಾಲೆನ್ಸ್ ಕೂಡಿಬರದಿದ್ದಾಗ ನಾವು ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕುತ್ತೇವೆ. ಖಗೋಳ ವಿಜ್ಞಾನಿಗಳ ಸಸ್ಪೆನ್ಸ್ ಖಾತೆಯಲ್ಲಿ ಸದ್ಯಕ್ಕೆ ಹೆಚ್ಚುಕಡಿಮೆ ಇಡೀ ಸರಕೇ ಇದೆ.