ಹಳೆಯ ಜೀಪು

ಮೂಡಿಗೆರೆ, ಸಕಲೇಶಪುರಗಳ ಕಡೆಯ ಎಷ್ಟೋ ಒಂಟಿಮನೆಗಳ ಅಂಗಳಕ್ಕೆ ಆಷಾಢದ ಕೆಸರಿನಲ್ಲಿ ಬೇರೆ ಗಾಡಿ ಏರದು. ನಡುರಾತ್ರಿ ಹೆರಿಗೆಯ ನೋವು ಕಾಣಿಸಿಕೊಂಡರೆ ಕೊಟ್ಟಿಗೆಯ ಪಕ್ಕದ ಜೀಪೇ ಗತಿ. ಎರಡನೆಯ ಮಹಾಯುದ್ಧದಲ್ಲಿ ಸೈನಿಕರನ್ನು ಹೊತ್ತ ವಿಲ್ಲಿಸ್ ಜೀಪನ್ನು ಮಹೀಂದ್ರ ಸಂಸ್ಥೆಯವರು 1947ರಲ್ಲಿ ಮುಂಬಯಿಯಲ್ಲಿ ಜೋಡಿಸತೊಡಗಿದರು. ಅದರ ಸಂತತಿ ಮಲೆನಾಡಿಗೂ ಒಗ್ಗಿತು.

ಹಳೆಯ ಜೀಪನ್ನು ಕೊಳ್ಳುವವರು ಹೊಳೆಯುವ ಬಣ್ಣಕ್ಕೆ ಮರುಳಾಗುವುದುಂಟು. ಬಲ್ಲವನು ನೆಲಕ್ಕೆ ಗೋಣಿಚೀಲ ಹಾಸಿ ಗಾಡಿಯ ಅಡಿಗೆ ನುಸುಳುತ್ತಾನೆ. ಎಂಜಿನ್ನನ್ನು ಬಿಚ್ಚಿ ಸರಿಪಡಿಸಬಹುದು. ತುಕ್ಕು ತಿಂದ ಚಾಸಿಯನ್ನು ನಂಬಿ ಮನೆಮಂದಿಯನ್ನು ಕೂರಿಸುವುದು ಹೇಗೆ? ಆಮೇಲೆ ಮುಂದಿನ ಚಕ್ರಗಳಿಗೂ ಬಲವನ್ನು ಹಂಚುವ ಗೇರನ್ನು ಹಾಕಿ ಕೆಸರಿನಲ್ಲಿ ಓಡಿಸಿ ನೋಡುತ್ತಾನೆ. ವರ್ಷಗಟ್ಟಲೆ ಮುಟ್ಟದೆ ಬಿಟ್ಟ ಗಾಡಿಗಳಲ್ಲಿ ಕೆಲವೊಮ್ಮೆ ಅದು ಬೀಳುವುದೇ ಇಲ್ಲ.

ಕೊಂಡ ಮೇಲಿನ ಕೆಲಸವೇ ಹೆಚ್ಚಿನದು. ಆಳವಾದ ಹಳ್ಳವನ್ನು ದಾಟಿ ಬಂದ ಬಳಿಕ ಆಕ್ಸಲಿನ ಎಣ್ಣೆಯನ್ನು ನೋಡಬೇಕು. ಹಾಲು ಬೆರೆತಂತೆ ಕಂಡರೆ ನೀರು ಒಳಹೊಕ್ಕಿದೆಯೆಂದು ತಿಳಿಯಬೇಕು. ನಾಲ್ಕು ಟೈರುಗಳೂ ಒಂದೇ ಅಳತೆಯವಾಗಿರಬೇಕು. ಒಣಗಿದ ಡಾಂಬರು ರಸ್ತೆಗೆ ಬಂದೊಡನೆ ಮುಂಚಕ್ರಗಳ ಗೇರನ್ನು ಬಿಡಿಸಬೇಕು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗುತ್ತವೆ. ಕೆಸರಿನಲ್ಲಾದರೆ ಚಕ್ರ ಕೊಂಚ ಜಾರಿ ಸರಿಹೋಗುತ್ತದೆ. ಡಾಂಬರಿನ ಮೇಲೆ ಆ ಎಳೆದಾಟವನ್ನೆಲ್ಲ ಹಲ್ಲುಚಕ್ರಗಳೂ ಟೈರುಗಳೂ ಅನುಭವಿಸಬೇಕು. ಶೋಕಿಗಾಗಿ ಸದಾ ನಾಲ್ಕೂ ಚಕ್ರಗಳ ಬಲದಲ್ಲೇ ಓಡಿಸುವ ತರುಣರಿಗೆ ಈ ಮಾತು ಕಿವಿಗೆ ಬೀಳದು.

ಮಳೆ ಹಿಡಿಯುವ ಮೊದಲೇ ಮನೆಯ ಯಜಮಾನ ಗ್ರೀಸು ತುಂಬಿಸಿ, ಬ್ರೇಕನ್ನು ನೋಡಿಸಿ, ಜೀಪನ್ನು ಇಳಿಜಾರಿನ ಕಡೆಗೆ ಮುಖಮಾಡಿ ನಿಲ್ಲಿಸುತ್ತಾನೆ. ಚಕ್ರಕ್ಕೆ ಕಲ್ಲನ್ನೂ ಕೊಡುತ್ತಾನೆ. ಬ್ಯಾಟರಿ ಕೈಕೊಟ್ಟ ರಾತ್ರಿ ಇಬ್ಬರು ತಳ್ಳಿದರೂ ಎಂಜಿನ್ನು ಹತ್ತಿಕೊಳ್ಳಬೇಕು.