ಸುರಂಗ ಎಲ್ಲಿಗಿ ತಗೀಲಿ?

ನಮ್ಮಣ್ಣನ ಮಗ ಕಂಪ್ಯೂಟರ್ ಆಟಕ್ಕೆಂದು ಗುಡಿಯೊಂದರ ನಕಾಶೆ ಬರೆಯುತ್ತಿದ್ದಾನೆ. ಎಲ್ಲೂ ಇಲ್ಲದ ಊರು, ಯಾರೂ ಕೈಮುಗಿಯದ ದೇವರು. ಚೌಕಳಿ ಹಾಳೆಯ ಮೇಲೆ ಏಳು ಬಾಗಿಲು, ಹಾವು ಕಾಯುವ ಕೋಣೆ, ತಿರುಗುವ ಗೋಡೆ, ನಟ್ಟನಡುವೆ ನಿಧಿ. ಬಾಕಿ ಉಳಿದದ್ದು ಒಂದೇ.

"ಕಾಕಾ, ಸುರಂಗ ಎಲ್ಲಿಗಿ ತಗೀಲಿ?"

"ವಿಜಾಪುರಕ್ಕ ತಗಿ" ಅಂದೆ. ತಾಳಿಕೋಟೆಯಲ್ಲಿ ಹುಟ್ಟಿ ಬೆಳೆದವನು ಕೇಳುವ ಮಾತೇ ಇದು? ನಮ್ಮ ಸೀಮೆಯಲ್ಲಿ ಹಾಳು ವಾಡೆ, ಹಳೇ ಬಾವಿ, ಮುರುಕು ಗುಮ್ಮಟ ಯಾವುದರ ಮುಂದೆ ನಿಂತು ವಿಚಾರಿಸಿದರೂ ಒಳಗೊಂದು ಸುರಂಗ ಇದ್ದೇ ಇರುತ್ತದೆ, ಅದು ನೆಟ್ಟಗೆ ವಿಜಾಪುರಕ್ಕೇ ಹೋಗುತ್ತದೆ. ಒಳಗೆ ಹೊಕ್ಕವರು ಯಾರಪ್ಪಾ ಅಂದರೆ, ಅಜ್ಜನ ಕಾಲಕ್ಕೆ ಯಾರೋ ಒಬ್ಬ ಹೊಕ್ಕಿದ್ದನಂತೆ, ನಡುವೆ ಕಂದೀಲು ಆರಿತಂತೆ, ತಿರುಗಿ ಬಂದನಂತೆ. ಕಂದೀಲು ಆರದ ಸುರಂಗದ ಕಥೆ ನಾನಂತೂ ಕೇಳಿಲ್ಲ. ಇಷ್ಟು ಸುರಂಗಗಳು ನಿಜವಾಗಿಯೂ ಇದ್ದಿದ್ದರೆ ಡೋಣಿ ಹೊಳೆಯ ನೀರೆಲ್ಲ ಎಂದೋ ಅವುಗಳಲ್ಲಿ ಸೋರಿ, ಮಳೆಗಾಲಕ್ಕೆ ಸೇತುವೆ ಮುಳುಗುವ ತಾಪತ್ರಯ ನಮಗೆ ತಪ್ಪುತ್ತಿತ್ತು.

ಹುಡುಗನ ನಕಾಶೆಯಲ್ಲಿ ನನಗೆ ಹಿಡಿಸದ್ದು ಬೇರೆಯೇ. ಏಳು ಬಾಗಿಲಿದ್ದರೂ ಎಲ್ಲರೂ ಮುಂದಿನಿಂದಲೇ ಒಳಗೆ ಹೋಗುತ್ತಾರೆ. ಹರಿಹರ ಇವನಿಗಿಂತ ಜಾಣ. ಅವನ ಪ್ರಭುದೇವರ ರಗಳೆಯಲ್ಲಿ ಅಲ್ಲಮ ತೋಟದೊಳಗೆ ಕೂತು ಕಾಲುಗುರಿನಿಂದ ನೆಲ ಕೆದರುತ್ತಾನೆ. ಮಣ್ಣಿನಲ್ಲಿ ಕಳಸದ ತುದಿ ಮಿಂಚುತ್ತದೆ. ಅಗೆಸಿದರೆ ಕೆಳಗೆ ಇಡೀ ದೇಗುಲ, ಒಳಗೆ ಕೈಯಲ್ಲಿ ಲಿಂಗ ಹಿಡಿದು ಕೂತ ಅನಿಮಿಷಯ್ಯ. ಮೊದಲು ಕಳಸ, ಕೊನೆಗೆ ಹೊಸ್ತಿಲು! ಯಾವ ಆಟದವರು ಇಂಥ ಗುಡಿ ಕಟ್ಟಿದ್ದಾರೆ?

"ಅದು ಕಥಿ ಬಿಡು ಕಾಕಾ" ಅಂದ.

ಕಥೆ ಬೇಡವಾದರೆ ಕೂಡಲಸಂಗಮಕ್ಕೆ ಹೋಗಿ ಬರಲಿ. ನಾರಾಯಣಪುರ ಅಣೆಕಟ್ಟೆಯ ಹಿನ್ನೀರು ಬಂದಾಗ ಬಸವಣ್ಣನವರ ಐಕ್ಯಸ್ಥಳ ಮುಳುಗಬಾರದೆಂದು ಸುತ್ತಲೂ ಬಾವಿಯಂಥ ದುಂಡು ಗೋಡೆ ಎತ್ತಿದರು. ಸೇತುವೆಯ ಮೇಲೆ ನಡೆದು ಹೋಗಿ ಮೆಟ್ಟಿಲು ಇಳಿಯಬೇಕು. ಇಳಿದಂತೆ ಗೋಡೆ ತಣ್ಣಗಾಗುತ್ತದೆ, ಮೆಲ್ಲಗೆ ಆಡಿದ ಮಾತೂ ಗುಂಯ್ ಎನ್ನುತ್ತದೆ. ನದಿ ತುಂಬಿದ ದಿನಗಳಲ್ಲಾದರೆ ಕೃಷ್ಣೆ ಈಗ ನಮ್ಮ ತಲೆಗಿಂತ ಮೇಲಿದ್ದಾಳೆ ಎನ್ನುವುದು ಬುದ್ಧಿಗಿಂತ ಮೊದಲು ಹೊಟ್ಟೆಗೆ ತಿಳಿಯುತ್ತದೆ. ಹಾವು ಕಾಯುವ ಕೋಣೆ ಅದರ ಮುಂದೆ ಏನೂ ಅಲ್ಲ.

ಹಾಗೆ ನೋಡಿದರೆ ನಕಾಶೆಯ ವಿಷಯದಲ್ಲಿ ನಮ್ಮೂರಿನ ನಸೀಬೇ ವಿಚಿತ್ರ. 1565ರ ಜನವರಿಯ ತಾಳಿಕೋಟೆ ಕದನ ತಾಳಿಕೋಟೆಯಲ್ಲಿ ನಡೆದದ್ದೇ ಅಲ್ಲ. ಸುಲ್ತಾನರ ದಂಡು ಇಲ್ಲಿ ಬೀಡುಬಿಟ್ಟಿತ್ತು, ಹೊಡೆದಾಟವಾದದ್ದು ಕೃಷ್ಣೆ ದಾಟಿದ ಮೇಲೆ. ರಕ್ಕಸಗಿ-ತಂಗಡಗಿ ಎಂದು ಊರಿನ ಹೆಸರು ತಿದ್ದಿ ಬರೆದವರೂ ಇದ್ದಾರೆ. ಆದರೂ ಪರವೂರಿನಲ್ಲಿ ನಮ್ಮ ಹೆಸರೆತ್ತಿದರೆ ಸಾಕು, ನಿನ್ನೆ ಮೊನ್ನೆ ನಾವೇ ಕತ್ತಿ ಒರೆಸಿಟ್ಟು ಬಂದಂತೆ ನೋಡುತ್ತಾರೆ.

ಆ ಕದನ ಗೆದ್ದ ತರುವಾಯ ಒಂದನೆಯ ಅಲಿ ಆದಿಲ್ ಷಾ ವಿಜಾಪುರದಲ್ಲಿ ಜಾಮಿಯಾ ಮಸೀದಿ ಎಬ್ಬಿಸಿದ. ಕಲ್ಪನೆಯ ಕಟ್ಟಡ ಬರೆಯುವವರು ಅದರ ಮಿಹ್ರಾಬ್, ಅಂದರೆ ನಮಾಜಿನ ದಿಕ್ಕು ತೋರುವ ಗೋಡೆಯ ಕಮಾನು, ನೋಡಲೇಬೇಕು. 1636ರಲ್ಲಿ ಮುಹಮ್ಮದ್ ಆದಿಲ್ ಷಾನ ಕಾಲಕ್ಕೆ ಅದಕ್ಕೆ ಚಿನ್ನದ ಬಣ್ಣ ಬಳಿದು ಚಿತ್ರ ಬರೆಸಿದರು. ಗೋಡೆಯಲ್ಲಿ ಗೂಡು, ಗೂಡಿನಲ್ಲಿ ಪುಸ್ತಕ, ಪಕ್ಕದಲ್ಲಿ ಹೂದಾನಿ, ಸರಪಳಿಯಲ್ಲಿ ತೂಗುವ ಧೂಪದಾನಿ, ಮೇಲೆ ಮಿನಾರು. ಮುಟ್ಟಿದರೆ ಬರೀ ಗೋಡೆ. ಆ ಪುಸ್ತಕ ತೆಗೆದು ಓದಿದವರಿಲ್ಲ, ಆ ಗೂಡಿನ ಧೂಳು ಹೊಡೆದವರೂ ಇಲ್ಲ. ಮಸೀದಿಯೊಳಗೇ ಇನ್ನೊಂದು ಮಸೀದಿ ಬರೆದಿಟ್ಟಂತಾಗಿದೆ. ಮುಂದೆ 1686ರಲ್ಲಿ ವಿಜಾಪುರ ಗೆದ್ದ ಔರಂಗಜೇಬ ನೆಲಕ್ಕೆ ಕೈ ಹಚ್ಚಿದ. ಒಬ್ಬೊಬ್ಬರಿಗೆ ಒಂದೊಂದು ಜಾನಮಾಜಿನಷ್ಟು ಜಾಗ ಅಂತ ಎರಡು ಸಾವಿರಕ್ಕೂ ಮಿಕ್ಕಿ ಮನೆ ಗೀಚಿಸಿದನಂತೆ. ನನಗೆ ಚಿನ್ನಕ್ಕಿಂತ ಆ ನೆಲವೇ ಹೆಚ್ಚು ಮೆಚ್ಚುಗೆ. ಇಲ್ಲಿ ಮನುಷ್ಯ ಬಂದು ನಿಲ್ಲುತ್ತಾನೆ ಅಂತ ಯಾರೋ ಒಬ್ಬರು ಲೆಕ್ಕ ಹಾಕಿದ್ದಾರಲ್ಲ!

ಹುಡುಗನ ಹಾಳೆಯಲ್ಲಿ ಆ ಲೆಕ್ಕವೇ ಇಲ್ಲ.

"ಕಾಲ್ಮರಿ ಎಲ್ಲಿ ಬಿಡತಾರೋ ತಮ್ಮಾ?"

"ಆಟದಾಗ ಕಾಲ್ಮರಿ ಬಿಡಂಗಿಲ್ಲ ಕಾಕಾ."

"ಕಾಲು ತೊಳಿಯಾಕ ನೀರು?"

ಸುಮ್ಮನಾದ. ನಾನು ಬಿಡಲಿಲ್ಲ. ಆಷಾಢದ ಜಾತ್ರೆಗೆ ನಮ್ಮ ಖಾಸ್ಗತ ಮಠದ ಮುಂದೆ ಒಂದು ತಾಸು ನಿಂತು ನೋಡು ಅಂದೆ. ಜನ ದೇವರ ಕಡೆ ಎಷ್ಟು ಹರಿಯುತ್ತಾರೋ ಪ್ರಸಾದದ ಕಡೆಗೂ ಅಷ್ಟೇ ಹರಿಯುತ್ತಾರೆ. ಎರಡೂ ಸಾಲು ಕೂಡುವಲ್ಲಿ ಒಬ್ಬ ತೆಂಗಿನಕಾಯಿ ಮಾರುವವನು, ಒಂದು ಅಳುವ ಕೂಸು. ಗುಡಿಯ ನಕಾಶೆ ಅಂದರೆ ಮೊದಲು ಇದು. ಅಭಿಷೇಕದ ನೀರು ಗೋಮುಖದಿಂದ ಎತ್ತ ಹೋಗುತ್ತದೆ, ಪೂಜಾರಿ ಮಧ್ಯಾಹ್ನ ಯಾವ ಕಟ್ಟೆಯ ಮೇಲೆ ಅಡ್ಡಾಗುತ್ತಾನೆ, ಗಂಟೆ ಕೂಸಿನ ಕೈಗೆ ಸಿಗುವಷ್ಟು ಕೆಳಗಿದೆಯೋ ಇಲ್ಲವೋ. ಇಷ್ಟು ಬರೆದರೆ ನಿಧಿ ಎಲ್ಲಿಟ್ಟರೂ ನಡೆಯುತ್ತದೆ.

ಇಷ್ಟು ಕೇಳಿದ ಮೇಲೆ ಹುಡುಗ ಬೇರೆ ಹಾಳೆ ತೆಗೆದ. ಬಸವಕಲ್ಯಾಣದ ಹೊಸ ಅನುಭವ ಮಂಟಪವನ್ನೇ ಆಟಕ್ಕೆ ಹಾಕುತ್ತಾನಂತೆ. 12ನೆಯ ಶತಮಾನದ ಮಂಟಪದ ನಕಾಶೆ ನಮಗೆ ಉಳಿದು ಬಂದಿಲ್ಲ. ವಚನ ಉಳಿದವು, ಕಟ್ಟಡ ಹೇಗಿತ್ತೆಂಬುದು ಊಹೆಗೆ ಬಿಟ್ಟದ್ದು. 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾದ ಹೊಸದು ಆರು ಅಂತಸ್ತಿನದು, ಚಾಲುಕ್ಯ ಶೈಲಿಯದು ಎಂದು ಆಗ ಹೇಳಿದ್ದರು. 770 ಶರಣರಿದ್ದರೆಂಬ ನಂಬಿಕೆಗೆ ತಕ್ಕಂತೆ 770 ಕಂಬ, ಸಭಾಂಗಣದಲ್ಲೂ 770 ಆಸನ. ಹುಡುಗ ಕೂತಲ್ಲೇ ಗುಣಿಸಿದ: ಅಡ್ಡಕ್ಕೆ ಇಪ್ಪತ್ತೆರಡು, ಉದ್ದಕ್ಕೆ ಮೂವತ್ತೈದು, ಕಂಬಗಳು ಸರಿಯಾಗಿ ಕೂಡುತ್ತವೆ.

ನನಗೆ ಹೊಳೆದದ್ದು ಬೇರೆ. ನಮ್ಮ ಕಡೆ ಪುರಾಣ, ಪ್ರವಚನಕ್ಕೆ ಹಿರಿಯರು ಹೊತ್ತಿಗೆ ಮೊದಲೇ ಹೋಗುವುದು ಭಕ್ತಿಗಲ್ಲ, ಬೆನ್ನಿಗೊಂದು ಕಂಬ ಸಿಗಲಿ ಅಂತ. ಆ ಕಂಬಗಳಷ್ಟನ್ನೂ ಸಭಾಂಗಣಕ್ಕೇ ತಂದರೆ ಒಬ್ಬರಿಗೊಂದು. ಇಂಥ ಸವಲತ್ತು ಯಾವ ಮಠದಲ್ಲೂ ಇಲ್ಲ. ಸ್ವಾಮಿಗಳು ಮಾತ್ರ ಒಬ್ಬರಿಗೂ ಕಾಣಿಸುವುದಿಲ್ಲ.